ಅಜ್ಜಿಯ ಹೆಸರಿನ ಪಕ್ಕದ ಕೆಂಪು ಚುಕ್ಕೆ

ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ನಮ್ಮ ಮನೆಯಲ್ಲಿ ಯಾರೂ ಬಾಗಿಲನ್ನು ಧಡಾರನೆ ಹಾಕುವಂತಿರಲಿಲ್ಲ. ಬೇರೆಯವರ ಮನೆಯಲ್ಲಿ ಟಿ.ವಿ. ಇರುವ ಜಾಗದಲ್ಲಿ, ಊಟದ ಕೋಣೆಯ ಗೋಡೆಗೆ ಒತ್ತಿಕೊಂಡು, ನಮ್ಮಲ್ಲಿ ಮೊಟ್ಟೆಗೆ ಕಾವು ಕೊಡುವ ಯಂತ್ರವಿತ್ತು. ಅದರೊಳಗೆ ನವಿಲಿನ ಮೊಟ್ಟೆಗಳು ಇಪ್ಪತ್ತೆಂಟು ದಿನ ಮಲಗಿರುತ್ತಿದ್ದವು. ಅಷ್ಟು ದಿನವೂ ನಾವು ತಗ್ಗಿದ ದನಿಯಲ್ಲಿ ಮಾತಾಡಿ, ತಟ್ಟೆಗಳನ್ನು ಸದ್ದಾಗದಂತೆ ಇಟ್ಟು, ಜಗಳವಾಡಬೇಕಾದರೆ ಹಿತ್ತಲಿಗೆ ಹೋಗಿ ಆಡುತ್ತಿದ್ದೆವು. ಅಜ್ಜಿ ಬೆಳಿಗ್ಗೆ ಸ್ನಾನ ಮಾಡಿ ಬಂದವಳೇ ಯಂತ್ರದ ಗಾಜಿಗೆ ಕುಂಕುಮ ಹಚ್ಚುತ್ತಿದ್ದಳು. ಅಪ್ಪ ಸಂಜೆ ನ್ಯೂಯಾರ್ಕಿನ ಹತ್ತಿರದ ಪಾರ್ಸಿಪನಿಯ ಆಫೀಸಿನಿಂದ ಬಂದವನೇ, ಥರ್ಮಾಮೀಟರಿನ ಅಂಕಿ ಕಾಣುವುದಿಲ್ಲವೆಂದು ಗೊಣಗುತ್ತ ಅದನ್ನು ಒರೆಸುತ್ತಿದ್ದ. ಹಚ್ಚುವುದನ್ನು ಅವಳು ಬಿಡಲಿಲ್ಲ, ಒರೆಸುವುದನ್ನು ಇವನು ಬಿಡಲಿಲ್ಲ. ನನಗೆ ಬುದ್ಧಿ ತಿಳಿದಾಗಿನಿಂದ ಆ ಗಾಜಿನ ಮೂಲೆಯೊಂದು ತಿಳಿಗೆಂಪಾಗಿಯೇ ಇತ್ತು.

ಮನೆ ಪಾರ್ಸಿಪನಿಯಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆಯ ದಾರಿ. ಊರಿನಿಂದ ಬಂದ ನಮ್ಮವರೆಲ್ಲ ವುಡ್‌ಬ್ರಿಡ್ಜ್‌ನ ಕಡೆ, ದೇವಸ್ಥಾನಕ್ಕೂ ದಿನಸಿ ಅಂಗಡಿಗೂ ಹತ್ತಿರ ನೋಡಿಕೊಂಡು ಮನೆ ಮಾಡುತ್ತಿದ್ದಾಗ, ಅಪ್ಪ ಹಳೆಯ ಕೊಟ್ಟಿಗೆಯಿರುವ ಐದು ಎಕರೆ ಹುಡುಕಿಕೊಂಡು ಹೋದ. ನವಿಲಿನ ಕೂಗು ಕೇಳಿದವರಿಗೆ ಕಾರಣ ಹೇಳಬೇಕಾಗಿಲ್ಲ. ಅಕ್ಕಪಕ್ಕದಲ್ಲಿ ಮನೆಗಳಿದ್ದರೆ ಒಂದು ವಾರದೊಳಗೆ ಪೊಲೀಸರು ಬರುತ್ತಾರೆ. ಹಬ್ಬಕ್ಕೆ ನಮ್ಮಲ್ಲಿಗೆ ಬಂದ ಆಂಟಿಯರು ಕಾರಿನಿಂದ ಇಳಿಯುತ್ತಿದ್ದಂತೆ, "ಇಷ್ಟು ದೂರ ಹೆಂಗ್ರೀ ಇರ್ತೀರಿ?" ಎನ್ನುತ್ತಿದ್ದರು. ಅವ್ವ ನಕ್ಕು, "ಏನ್ ಮಾಡೂದ್ರೀ, ಇವರಿಗೆ ಹಕ್ಕಿ ಹುಚ್ಚು" ಎನ್ನುತ್ತಿದ್ದಳು. ಆಂಟಿಯರ ಮುಂದೆ ಅಪ್ಪ ಅವಳಿಗೆ 'ಇವರು', 'ರೀ'. ಅವರ ಕಾರುಗಳು ತಿರುವು ದಾಟಿದ ಮೇಲೆ ಅವನು ಮತ್ತೆ 'ಮಾಮಾ'. ಏಕೆಂದರೆ ಅಪ್ಪ ಅವಳ ತಾಯಿಯ ಒಡಹುಟ್ಟಿದ ತಮ್ಮ. ಹುಟ್ಟಿದಾಗಿನಿಂದ ಮಾಮಾ ಎಂದು ಕರೆದವನನ್ನು ಹತ್ತೊಂಬತ್ತು ತುಂಬಿದ ಮೇಲೆ ಮದುವೆಯಾದಳು. ಕರೆಯುವ ಮಾತು ಬದಲಾಗಲಿಲ್ಲ. ಹುಬ್ಬಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಹೆಂಡತಿಯರೆಲ್ಲ ಗಂಡಂದಿರನ್ನು ಮಾಮಾ ಎಂದೇ ಕರೆಯುತ್ತಾರೆಂದು ನಾನು ಬಹಳ ಕಾಲ ತಿಳಿದಿದ್ದೆ. ಅಪ್ಪನ ತಾಯಿಯೇ ನಮ್ಮ ಅಜ್ಜಿ, ಗಂಗವ್ವ. ಅವಳೇ ನಮ್ಮ ಅವ್ವನಿಗೂ ಅಜ್ಜಿ. ಹೋಳಿಗೆ ಬಡಿಸುವಾಗಲೆಲ್ಲ ಅವಳದು ಒಂದೇ ತಮಾಷೆ:

"ನಾ ನಿಮಗ ಅಜ್ಜಿನೂ ಹೌದು, ಮುತ್ತಜ್ಜಿನೂ ಹೌದು. ಇದು ಅಜ್ಜಿ ಹೋಳಿಗಿ. ಇದು ಮುತ್ತಜ್ಜಿ ಹೋಳಿಗಿ. ಒಬ್ಬಾಕಿದು ತಿಂದು ಇನ್ನೊಬ್ಬಾಕಿದು ಬಿಟ್ರ ನಾನ ನನ್ನ ಜೋಡಿ ಜಗಳಾಡಬೇಕಾಗ್ತೈತಿ."

ನಾನೂ ತಂಗಿ ಸುಮಿಯೂ ಎರಡೆರಡು ತಿನ್ನುತ್ತಿದ್ದೆವು.

ನಾನು ಕನ್ನಡ ಬರೆಯಲು ಕಲಿತದ್ದು ನವಿಲುಗಳಿಂದ ಎಂದರೆ ಜನ ನಗುತ್ತಾರೆ. ಅಪ್ಪನಿಗೆ ಮೊದಲ ಜೋಡಿ ಕೊಟ್ಟವನು ವಾಲ್ಟ್ ಎಂಬ ಮುದುಕ, ನಮ್ಮ ರಸ್ತೆಯ ಆ ತುದಿಯಲ್ಲಿ ನಲವತ್ತು ವರ್ಷ ನವಿಲು ಸಾಕಿದವನು. ಪ್ರತಿ ಹಕ್ಕಿಗೂ ಒಂದು ಕಾರ್ಡು ಇಡಬೇಕು, ಅದರಲ್ಲಿ ಮೂರು ತಲೆಮಾರು ಬರೆಯಬೇಕು, ಹುಟ್ಟಿದ್ದನ್ನು ಬರೆಯಬೇಕೇ ಹೊರತು ಹುಟ್ಟಲೆಂದು ಬಯಸಿದ್ದನ್ನಲ್ಲ ಎಂದು ಹೇಳಿಕೊಟ್ಟವನೂ ಅವನೇ. ಮೂರು ತಲೆಮಾರಿನೊಳಗೆ ಒಂದೇ ಹಕ್ಕಿಯ ನಂಬರು ಎರಡು ಸಲ ಬಂದರೆ ಅದರ ಪಕ್ಕ ಕೆಂಪು ಚುಕ್ಕೆ. ಚುಕ್ಕೆ ಬೈಗುಳವಲ್ಲ, ಎಚ್ಚರಿಕೆ: ಈ ಹಕ್ಕಿಯಲ್ಲಿ ಎರಡೂ ಕಡೆಯಿಂದ ಒಂದೇ ರಕ್ತ ಹರಿದು ಬಂದಿದೆ, ಅಡಗಿದ್ದೇನಾದರೂ ಇದ್ದರೆ ಇಲ್ಲಿ ಮೇಲೆ ಬರಬಹುದು, ನೋಡಿಕೊಂಡಿರು. ಹಕ್ಕಿ ಕೊಳ್ಳಲು ಬಂದವರಿಗೆ ಅಪ್ಪ ಮೊದಲು ಕಾರ್ಡು ತೋರಿಸುತ್ತಿದ್ದ, ಆಮೇಲೆ ಹಕ್ಕಿ. ಚುಕ್ಕೆ ಮುಚ್ಚಿಟ್ಟು ಮಾರಿದ ಒಬ್ಬನನ್ನು ಅವನು ನಮ್ಮ ಗೇಟಿನೊಳಗೆ ಮತ್ತೆ ಬಿಡಲಿಲ್ಲ. ಆ ಕಾರ್ಡುಗಳನ್ನು ಕನ್ನಡದಲ್ಲಿ ಬರೆಯಬೇಕೆಂದು ಹಟ ಹಿಡಿದವಳು ಅಜ್ಜಿ. "ಈ ಹುಡುಗಿ ಕೈಯಾಗ ಬರಸು. ಹಕ್ಕಿದೂ ಆಗ್ತೈತಿ, ಅಕ್ಷರದ್ದೂ ಆಗ್ತೈತಿ" ಎಂದಳು. ಹಾಗೆ ಏಳನೆಯ ವರ್ಷದಿಂದ ಅಪ್ಪ ಹೇಳಿದ್ದನ್ನು ನಾನು ಬರೆದೆ, ಬರೆದದ್ದನ್ನು ಅಜ್ಜಿ ಬೆರಳಿಟ್ಟು ಓದಿದಳು, ಒತ್ತು ತಪ್ಪಿದ ಕಡೆ ತಲೆಗೊಂದು ಮೊಟಕಿದಳು.

ಬಣ್ಣದ ಲೆಕ್ಕವನ್ನು ಅಪ್ಪ ರೊಟ್ಟಿ ತಿನ್ನುತ್ತ ಹೇಳಿಕೊಡುತ್ತಿದ್ದ. ತಟ್ಟೆಯ ಅಂಚಿನಲ್ಲಿ ಶೇಂಗಾ ಚಟ್ನಿಯ ಪುಡಿಯಿಂದ ಗೆರೆ ಎಳೆದು ತೋರಿಸುತ್ತಿದ್ದ.

"ಕೆಲವು ಬಣ್ಣ ಚೀಲದಾಗ ಇರ್ತಾವು. ಗಂಡಿಗೆ ಎರಡು ಚೀಲ, ಹೆಣ್ಣಿಗೆ ಒಂದ. ಹೆಣ್ಣಮರಿಗೆ ಆ ಒಂದು ಚೀಲ ಕೊಡಾಂವ ಅಪ್ಪ. ಹಂಗಾಗಿ ಹೆಣ್ಣು ಏನೂ ಮುಚ್ಚಿಡೂದಿಲ್ಲ, ಚೀಲದಾಗ ಇದ್ದದ್ದು ಮೈಮ್ಯಾಲೆ. ಗಂಡು ಒಂದು ಚೀಲ ತೋರಿಸಿ ಇನ್ನೊಂದು ಮುಚ್ಚಿಡ್ತೈತಿ."

"ಇದಕ್ಕ ಇಷ್ಟು ಓದಬೇಕಿತ್ತೇನೋ? ಗಂಡಸರ ಗುಣ ನನಗ ಮೊದಲ ಗೊತ್ತಿತ್ತು" ಎಂದಳು ಅಜ್ಜಿ.

ಕಾಫಿಗೆ ಹಾಲು ಹೆಚ್ಚಾದಂಥ ಕಂದು ಒಂದು ಬಣ್ಣ, ಅದಕ್ಕೆ ಕ್ಯಾಮಿಯೊ ಎಂದು ಹೆಸರು. ಇನ್ನೊಂದು ಪರ್ಪಲ್, ನೇರಳೆ. ಒಂದು ಚೀಲದಲ್ಲಿ ಕ್ಯಾಮಿಯೊ, ಇನ್ನೊಂದರಲ್ಲಿ ಪರ್ಪಲ್ ಇರುವ ಗಂಡು, ಒಂದನ್ನೊಂದು ಮುಚ್ಚಿ, ನೋಡಲು ಬರೀ ನೀಲಿ. ಆದರೆ ಅಪರೂಪಕ್ಕೊಮ್ಮೆ ಎರಡು ಚೀಲದ ಸರಕು ಅದಲುಬದಲಾಗಿ ಎರಡೂ ಬಣ್ಣ ಒಂದೇ ಚೀಲಕ್ಕೆ ಬಂದು ಬೀಳುತ್ತವೆ. ಆ ಚೀಲ ಪಡೆದ ಹೆಣ್ಣುಮರಿ ಪೀಚ್ ಬಣ್ಣದ್ದಾಗುತ್ತದೆ. ಪೀಚ್ ಮರಿಯನ್ನು ವಾಲ್ಟ್‌ನಿಂದಲೋ ಇನ್ನೊಬ್ಬರಿಂದಲೋ ಕೊಂಡು ತರಬಹುದಿತ್ತು. ಅಪ್ಪನಿಗೆ ಅದು ತನ್ನ ಕೊಟ್ಟಿಗೆಯಲ್ಲೇ ಹುಟ್ಟಬೇಕಿತ್ತು. ಎಂಟು ವರ್ಷ ಕಾದ. ಇನ್ನೊಂದು ಬಗೆಯ ಗುಣ ಚೀಲದ್ದಲ್ಲ, ತಾಯಿಯೂ ಕೊಡಬೇಕು ತಂದೆಯೂ ಕೊಡಬೇಕು, ಆಗ ಮಾತ್ರ ಕಾಣುತ್ತದೆ. ಎರಡು ಅಚ್ಚ ನೀಲಿ ಹಕ್ಕಿಗಳಿಗೆ ಒಮ್ಮೆ ಮಾಸಲು ಹಳದಿಯ ಮರಿ ಹುಟ್ಟಿದಾಗ ನಾನು ಮೊಟ್ಟೆ ಬದಲಾಯಿತೆಂದುಕೊಂಡೆ. ಅಪ್ಪ ತಂದೆ ತಾಯಿ ಎರಡರ ಕಾರ್ಡುಗಳನ್ನೂ ತೆಗೆದು ಒಂದರ ಪಕ್ಕ ಒಂದು ಇಟ್ಟ. ಎರಡರ ಹಿಂದೆಯೂ ಒಂದೇ ಅಜ್ಜನ ನಂಬರು. "ಇಲ್ಲಿಂದ ಎರಡೂ ಕಡೆ ಇಳಿದು ಬಂದೈತಿ. ಚುಕ್ಕಿ ಇಡು" ಎಂದ. ಇಟ್ಟೆ.

ನನಗೆ ಹನ್ನೊಂದು, ಸುಮಿಗೆ ಎಂಟು ಇದ್ದ ವರ್ಷ ಜೂನ್‌ನಲ್ಲಿ ಪೀಚ್ ಮರಿ ಹುಟ್ಟಿತು. ಒದ್ದೆ ಆರಿದ ಮೇಲೆ ಅದರ ಬಣ್ಣ ಮಾವಿನ ಹಣ್ಣಿನ ಸೀಕರಣೆಗೆ ಹಾಲು ಜಾಸ್ತಿಯಾದ ಹಾಗಿತ್ತು. ಅಪ್ಪ ಆ ದಿನ ಆಫೀಸಿಗೆ ಹೋಗಲಿಲ್ಲ. ವಾಲ್ಟ್ ಬಂದು, ಕನ್ನಡಕ ಹಣೆಗೇರಿಸಿ, ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ತಲೆಯಾಡಿಸಿದ. ಐದನೆಯ ದಿನ ಕೊಟ್ಟಿಗೆಯಲ್ಲಿ ಮರಿಗಳ ಪೆಟ್ಟಿಗೆ ತೊಳೆಯಬೇಕೆಂದು ಅವನ್ನೆಲ್ಲ ನೆಲದ ಹುಲ್ಲಿನ ಮೇಲೆ ಬಿಟ್ಟವಳು ನಾನು. ನೀರಿನ ಡಬ್ಬಿ ತರಲು ಸುಮಿಗೆ ಹೇಳಿದವಳೂ ನಾನೇ. ಅವಳು ಹೊರಗಿನ ಬಿಸಿಲಿನಿಂದ ಕೊಟ್ಟಿಗೆಯ ಒಳಗೆ ಬಂದಳು, ಎರಡು ಹೆಜ್ಜೆ ಇಟ್ಟಳು. ಮೂರನೆಯ ಹೆಜ್ಜೆಯ ಕೆಳಗೆ ಪೀಚ್ ಮರಿಯಿತ್ತು. ಆಗ ಆದ ಸದ್ದು ನನಗಿನ್ನೂ ನೆನಪಿದೆ, ಅದನ್ನು ಬರೆಯುವುದಿಲ್ಲ.

"ಐ ಡಿಡ್ನ್ಟ್ ಸೀ ಇಟ್. ಅಪ್ಪಾ, ಒಳಗ ಕತ್ತಲಿ ಇತ್ತು."

"ಎಲ್ಲೈತಿ ಕತ್ತಲಿ? ಮಟಮಟ ಮಧ್ಯಾಹ್ನ! ಅಕ್ಕಗ ಕಂಡದ್ದು ನಿನಗ ಕಾಣೂದಿಲ್ಲ?"

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅಂದೇ ಮುಗಿಯುತ್ತಿತ್ತು. ಅವನು ಅವಳೊಡನೆ ಮಾತು ಬಿಟ್ಟ. ಅವಳು ಎದುರಿಗೆ ಬಂದರೆ ಎದ್ದು ಹೋಗುತ್ತಿದ್ದ, ಅವಳು ಬಡಿಸಿದ ನೀರು ಕುಡಿಯುತ್ತಿರಲಿಲ್ಲ. ಹತ್ತು ದಿನ ನೋಡಿದ ಅಜ್ಜಿ ಹನ್ನೊಂದನೆಯ ದಿನ ಊಟದ ಕೋಣೆಯಲ್ಲೇ, ಮೊಟ್ಟೆಗಳ ಮುಂದೆಯೇ, ದನಿ ಎತ್ತಿದಳು.

"ಹಕ್ಕಿ ಮರಿ ಸಲುವಾಗಿ ಹೊಟ್ಟಿ ಮಗಳ ಜೋಡಿ ಮಾತು ಬಿಡ್ತಾರೇನೋ?"

"ಎಂಟು ವರ್ಷ, ಅವ್ವಾ. ಎಂಟು ವರ್ಷ ಕಾದೀನಿ."

"ಅಕಿಗೂ ಎಂಟ ವರ್ಷ ಆಗ್ಯಾವು. ಅಕಿ ಎಷ್ಟು ದಿನ ಕಾಯಬೇಕು?"

ಅಪ್ಪ ಅಂದು ಸುಮಿಯ ಕೈಯಿಂದ ನೀರು ಇಸಿದುಕೊಂಡ. ಅವಳು ಚೊಂಬನ್ನು ಲೋಟದ ಅಂಚಿನ ಹೊರಗೆ ಬಗ್ಗಿಸಿ ಅವನ ತೊಡೆಯ ಮೇಲೆ ನೀರು ಚೆಲ್ಲಿದಳು. ಯಾರೂ ನಗಲಿಲ್ಲ. ಆ ಗಳಿಗೆಯಲ್ಲಿ ಅವ್ವನ ಮುಖ ನೋಡಿದೆ. ಸುಮಿಗೆ ಸರಿಯಾಗಿ ಕಾಣುತ್ತಿಲ್ಲವೆಂದು ಅವಳು ಬಹಳ ದಿನಗಳಿಂದ ಗಮನಿಸುತ್ತಿದ್ದುದು ಆಗ ನನಗೆ ತಿಳಿಯಿತು.

ಸೆಪ್ಟೆಂಬರ್‌ನಲ್ಲಿ ಅವಳ ಕಣ್ಣು ತೋರಿಸಿ ಎಂದು ಶಾಲೆಯಿಂದಲೂ ಚೀಟಿ ಬಂತು. ಅಕ್ಟೋಬರ್‌ನಲ್ಲಿ ನಾವು ನಾಲ್ವರೂ ನ್ಯೂಯಾರ್ಕಿನ ಒಬ್ಬ ಕಣ್ಣಿನ ಡಾಕ್ಟರರ ಎದುರು ಕೂತಿದ್ದೆವು. ಅವರು ವಯಸ್ಸಾದ ಹೆಂಗಸು, ಮೆಲ್ಲಗೆ ಮಾತಾಡುವವರು. ಸುಮಿಯ ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಪದರ ಅಂಚಿನಿಂದ ಸಾಯುತ್ತ ಬರುತ್ತಿದೆ ಎಂದರು. ಮೊದಲು ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ, ಆಮೇಲೆ ನೋಟದ ಅಗಲ ಕಿರಿದಾಗುತ್ತ ಹೋಗುತ್ತದೆ. ಇದು ಹುಟ್ಟಿನಿಂದ ಬಂದದ್ದಿರಬಹುದು, ಏನೋ ಸೋಂಕಿನಿಂದಲೂ ಹೀಗೆ ಕಾಣಬಹುದು. ಆಮೇಲೆ ಒಂದು ಹಾಳೆ ತೆಗೆದು, ಪೆನ್ನು ಹಿಡಿದು, ಅಪ್ಪನನ್ನು ಕೇಳಿದರು: ನೀವು ಗಂಡ ಹೆಂಡತಿ ರಕ್ತಸಂಬಂಧಿಗಳೇ?

"ನೋ" ಎಂದ ಅಪ್ಪ.

ನಾನು ಅವನ ಮುಖವನ್ನೇ ನೋಡಿದೆ. ಪ್ರತಿ ಹಕ್ಕಿಯ ಮೂರು ತಲೆಮಾರನ್ನೂ ಕೇಳಿದವರಿಗೂ ಕೇಳದವರಿಗೂ ತೆರೆದಿಡುತ್ತಿದ್ದವನ ಬಾಯಿಂದ ಅದೆಷ್ಟು ಸಲೀಸಾಗಿ ಬಂತು. ಅವ್ವ ತೊಡೆಯ ಮೇಲಿನ ಕೈಚೀಲದ ಜಿಪ್ಪನ್ನು ಎಳೆದಳು, ತಿರುಗಿ ಮುಚ್ಚಿದಳು. ಡಾಕ್ಟರು ಹಾಗಾದರೆ ಎಂದು ಮುಂದಿನ ಪ್ರಶ್ನೆಗೆ ಹೋದರು: ಮನೆಯಲ್ಲಿ ಪ್ರಾಣಿ ಪಕ್ಷಿ ಏನಾದರೂ ಸಾಕಿದ್ದೀರಾ? ಸುಮಿ ಖುಷಿಯಿಂದ ತಾನೇ ಉತ್ತರ ಕೊಟ್ಟಳು. ಐವತ್ತಕ್ಕೂ ಹೆಚ್ಚು ನವಿಲು. ಡಾಕ್ಟರರ ಪೆನ್ನು ನಿಂತಿತು.

ವಾಪಸು ಬರುವಾಗ ನದಿಯ ಕೆಳಗಿನ ಸುರಂಗ ದಾಟಿ, ಸೀಕಾಕಸ್‌ನ ಗೋದಾಮುಗಳ ಸಾಲು ಬಂದಾಗ ಅವ್ವ ಅಪ್ಪನ ಕಡೆ ತಿರುಗಿದಳು.

"ಮಾಮಾ, ಯಾಕ ಹಂಗಂದ್ರಿ?"

"ಇಲ್ಲಿ ಇಂಥಾ ಮದುವಿ ಕಾಯ್ದೆಗೆ ವಿರುದ್ಧ. ಗ್ರೀನ್ ಕಾರ್ಡ್ ಇನ್ನೂ ಬರಬೇಕೈತಿ. ನಾಳೆ ಯಾರರ ಕಾಗದ ತಗದು ಕೇಳಿದ್ರ?"

"ಡಾಕ್ಟರು ಕೇಳಿದ್ದು ಅಕಿ ಕಣ್ಣಿನ ಸಲುವಾಗಿ."

"ಮುಖ ನೋಡಿದಿಲ್ಲೇನು ಅವರದು? ಇಂಥಾ ಮಂದಿ ಅಂತಾರ ನಮ್ಮನ್ನ. ಸುಮ್ನಿರು, ಹುಡುಗ್ರು ಕೇಳಾಕತ್ತಾವು."

ಡಾಕ್ಟರರ ಮುಖದಲ್ಲಿ ನನಗೇನೂ ಕಂಡಿರಲಿಲ್ಲ. ಆದರೆ ಆ ಒಂದು ಉತ್ತರದಿಂದ ಆದದ್ದು ಇಷ್ಟು: ಹುಟ್ಟಿನಿಂದ ಬಂದದ್ದಿರಬಹುದೆಂಬ ಮಾತು ಹಿಂದಕ್ಕೆ ಸರಿಯಿತು, ಹಕ್ಕಿಗಳ ಮೇಲಿನ ಅನುಮಾನ ಮುಂದಕ್ಕೆ ಬಂತು. ಹಕ್ಕಿಯಿಂದ ಬರಬಹುದಾದ ಸೋಂಕುಗಳನ್ನು ಹುಡುಕುತ್ತ ಎರಡು ತಿಂಗಳಿಗೊಮ್ಮೆ ಅವಳ ತೋಳಿಗೆ ಸೂಜಿ ಚುಚ್ಚಿದರು. ಏನೂ ಸಿಗಲಿಲ್ಲ, ಸಿಗದ ಕಾರಣ ಇನ್ನೂ ಹುಡುಕಿದರು. ಉತ್ತರ ಸಿಗುವ ತನಕ ಮಗು ಹಕ್ಕಿಗಳ ಹತ್ತಿರ ಹೋಗಕೂಡದು ಎಂದು ಹೇಳಿದರು. ಅಪ್ಪ ಹಿತ್ತಿಲ ಬಾಗಿಲಿನ ಹೊಸ್ತಿಲಿಗೆ ಅಗಲವಾದ ಹಳದಿ ಟೇಪು ಅಂಟಿಸಿದ. ಸುಮಿ ದಾಟಬಾರದ ಗೆರೆ ಅದು. ನಾನು ಕೊಟ್ಟಿಗೆಯಿಂದ ಬಂದರೆ ಅವಳನ್ನು ಮುಟ್ಟುವ ಮೊದಲು ಬಟ್ಟೆ ಬದಲಿಸಬೇಕಿತ್ತು. ಹಕ್ಕಿಗಳಿಗೆ ಹೆಸರಿಡುತ್ತಿದ್ದವಳು ಅವಳು, ಅಪ್ಪ ನಂಬರಷ್ಟೇ ಕೊಡುತ್ತಿದ್ದ. ಹೆಸರಿಟ್ಟವಳು ಚಳಿಗಾಲ ಪೂರ್ತಿ ಮಹಡಿಯ ಕಿಟಕಿಗೆ ಹಣೆ ಒತ್ತಿ ಕೂತು, ಹಿಮದ ಮೇಲೆ ಓಡಾಡುವ ಹಕ್ಕಿಯನ್ನು ಇದು ಯಾವುದು, ಅದು ಯಾವುದು ಎಂದು ನನ್ನನ್ನು ಕೇಳುತ್ತಿದ್ದಳು. ವಸಂತ ಬಂದು ಗಂಡುಗಳು ಗರಿ ಬಿಚ್ಚಿ ಕುಣಿದಾಗಲೂ ಅವಳು ಗಾಜಿನ ಒಳಗೇ ಇದ್ದಳು. ಅವಳ ನೋಟದ ಅಗಲ ಆ ಕಿಟಕಿಯ ಹಿಂದೆಯೇ ತಿಂಗಳು ತಿಂಗಳೂ ಕಡಿಮೆಯಾಯಿತು.

ನಾನು ಯಾರಿಗೂ ಬುದ್ಧಿ ಕಲಿಸಲು ಹೊರಟವಳಲ್ಲ. ಜುಲೈನಲ್ಲಿ ಹೊಸ ಮರಿಗಳ ಕಾರ್ಡು ಬರೆಯುತ್ತ ಕೂತಿದ್ದೆ. ಆ ವರ್ಷವೂ ಎರಡು ನೀಲಿ ಹಕ್ಕಿಗಳಿಗೆ ಒಂದು ಮಾಸಲು ಹಳದಿ ಮರಿ ಬಂದಿತ್ತು. ತಂದೆಯ ಕಡೆ ಬರೆದೆ, ತಾಯಿಯ ಕಡೆ ಬರೆದೆ, ಎರಡು ಸಲ ಬಂದ ನಂಬರಿಗೆ ಚುಕ್ಕೆ ಇಟ್ಟೆ. ಪೆನ್ನು ಇನ್ನೂ ಕೈಯಲ್ಲಿತ್ತು. ಖಾಲಿ ಕಾರ್ಡೊಂದನ್ನು ತೆಗೆದುಕೊಂಡು ಮೇಲೆ 'ಸುಮಿ' ಎಂದು ಬರೆದೆ. ಎಡಕ್ಕೆ ಅಪ್ಪ, ಅವನ ತಂದೆ ಈರಪ್ಪ, ತಾಯಿ ಗಂಗವ್ವ. ಬಲಕ್ಕೆ ಅವ್ವ, ಅವಳ ತಾಯಿ ಹುಬ್ಬಳ್ಳಿಯ ಅಮ್ಮ, ಆಕೆಯ ತಂದೆ ಈರಪ್ಪ, ತಾಯಿ ಗಂಗವ್ವ. ಎರಡು ಹೆಸರು ಎರಡೆರಡು ಸಲ. ನಿಯಮದ ಪ್ರಕಾರ ನಾಲ್ಕು ಕಡೆಯೂ ಕೆಂಪು ಚುಕ್ಕೆ ಇಟ್ಟು, ಒಣಗಲು ಊದಿ, ಉಳಿದ ಕಾರ್ಡುಗಳ ಜೊತೆ ಪೆಟ್ಟಿಗೆಗೆ ಹಾಕಿದೆ. ಅಕ್ಷರ ದುಂಡಗೆ ಬಂದಿವೆ ಎಂದು ಸಂತೋಷವಾಗಿತ್ತು.

ಅಪ್ಪನಿಗೆ ಅದು ಸಿಕ್ಕಿದ್ದು ಭಾನುವಾರ ಬೆಳಿಗ್ಗೆ, ಉಪ್ಪಿಟ್ಟು ತಿನ್ನುವಾಗ. ಓದಿದ, ಮತ್ತೆ ಓದಿದ.

"ಇದು ನೀ ಬರದೀಯೇನು?"

"ಹೂಂ."

ಅಜ್ಜಿ ಕೈಚಾಚಿ ಕಾರ್ಡು ಇಸಿದುಕೊಂಡಳು. ಎಂದಿನಂತೆ ಬೆರಳಿಟ್ಟು ಓದುತ್ತ ಬಂದು ತನ್ನ ಹೆಸರಿನ ಮೇಲೆ ನಿಂತಳು. ಚುಕ್ಕೆಯ ಅರ್ಥ ಅವಳಿಗೆ ಯಾರೂ ಹೇಳಬೇಕಿರಲಿಲ್ಲ, ಎಷ್ಟೋ ಕಾರ್ಡು ಓದಿದವಳು.

"ಅಂದ್ರ ಇದು ನಮ್ಮಿಂದ ಇಳಿದದ್ದೇನು? ನಿಮ್ಮಪ್ಪನಿಂದ, ಇಲ್ಲಾ ನನ್ನಿಂದ?"

ಅವಳ ಬೆರಳು ಎಡದ ಗಂಗವ್ವನಿಂದ ಬಲದ ಗಂಗವ್ವನಿಗೆ ಹೋಯಿತು.

"ಅಕ್ಕನ ಮಗಳನ್ನ ತಮ್ಮಗ ಕೊಟ್ರ ಮನಿ ಕೂಡಿರ್ತೈತಿ ಅಂತ ಹಟ ಹಿಡದಾಕಿ ನಾನ. ಈ ಹುಡುಗಿ ಆಗ ಒಲ್ಲೆ ಅಂದಿದ್ದಳು, ಕಾಲೇಜಿಗೆ ಹೋಗ್ತೀನಿ ಅಂದಿದ್ದಳು" ಎಂದು ಅವ್ವನ ಕಡೆ ನೋಡಿದಳು.

ಅವ್ವ ಒಲೆಯ ಕಡೆ ತಿರುಗಿ ನಿಂತಳು.

"ಯಾರ ತಪ್ಪೂ ಅಲ್ಲ, ಅವ್ವಾ. ಗೊತ್ತಿರಲಿಲ್ಲ" ಎಂದ ಅಪ್ಪ.

"ತಪ್ಪಲ್ಲಂದ್ರ ದವಾಖಾನಿಯೊಳಗ ಯಾಕ ಮುಚ್ಚಿಟ್ಟಿ? ಕೂಸಿಗೆ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿದಿ. ಅಕಿ ಹಕ್ಕಿ ಕಸಗೊಂಡಿ. ಹಕ್ಕಿ ಮಾರಾಕ ಬಂದಾಂವ ಚುಕ್ಕಿ ಮುಚ್ಚಿಟ್ಟಾನಂತ ಗೇಟಿನ ಹೊರಗ ನಿಲ್ಲಿಸಿದಾಂವ ನೀನ ಅಲ್ಲೇನು?"

ಉಪ್ಪಿಟ್ಟು ತಟ್ಟೆಯಲ್ಲೇ ಆರಿತು. ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿ ಅಜ್ಜಿ ತನ್ನ ಕೋಣೆಗೆ ಹೋದಳು. ಅಜ್ಜಿ ಹೋಳಿಗೆ, ಮುತ್ತಜ್ಜಿ ಹೋಳಿಗೆ ಎಂಬ ತಮಾಷೆಯನ್ನು ಅವಳು ಮುಂದೆ ಯಾವತ್ತೂ ಆಡಲಿಲ್ಲ. ಎರಡೆರಡು ಬಡಿಸುತ್ತಿದ್ದಳು, ಏನೂ ಹೇಳದೆ. ನನ್ನ ಜೀವನದಲ್ಲಿ ನಾನು ಬರೆದದ್ದು ಒಬ್ಬರಿಗೆ ನೇರವಾಗಿ ತಾಗಿದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಬರೆದದ್ದು ನಿಜವಾಗಿತ್ತು ಎಂಬುದು ಆ ದಿನ ನನಗೆ ಸ್ವಲ್ಪವೂ ಸಮಾಧಾನ ಕೊಡಲಿಲ್ಲ, ಇವತ್ತೂ ಪೂರ್ತಿ ಕೊಟ್ಟಿಲ್ಲ.

ಆಗಸ್ಟ್‌ನಲ್ಲಿ ಮತ್ತೆ ಅದೇ ಡಾಕ್ಟರು, ಅದೇ ಕುರ್ಚಿಗಳು. ಅಪ್ಪ ಅಂಗಿಯ ಜೇಬಿನಿಂದ ಕಾರ್ಡು ತೆಗೆದು ಅವರ ಮುಂದೆ ಇಟ್ಟ. ಬಾಯಿಂದ ಹೇಳುವುದನ್ನು ತಪ್ಪಿಸಿಕೊಳ್ಳಲು ತಂದಿದ್ದನೆಂದು ಈಗ ಅನಿಸುತ್ತದೆ. ಡಾಕ್ಟರು ಅದನ್ನು ಹೀಗೆ ಹಿಡಿದರು, ತಲೆಕೆಳಗಾಗಿ ಹಿಡಿದರು. ಎಲ್ಲ ಕನ್ನಡ. ಚೆಂದವಿದೆ, ಇದರಲ್ಲಿ ಏನು ಬರೆದಿದೆ ಎಂದು ಕೇಳಿದರು. ಅಪ್ಪ ಅವ್ವನ ಕಡೆ ನೋಡಿದ.

"ಮಾಮಾ, ಓದಿ ಹೇಳ್ರಿ" ಎಂದಳು ಅವ್ವ.

ಹೊರಗಿನವರೆದುರು ಅವಳು ಹಾಗೆ ಕರೆದದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಕಾರ್ಡು ತಿರುಗಿ ತೆಗೆದುಕೊಂಡು, ಒಂದೊಂದೇ ಹೆಸರು ಓದಿ, ಯಾರು ಯಾರಿಗೆ ಏನು ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಬಂದ. ಕೊನೆಗೆ, ನನ್ನ ಹೆಂಡತಿ ನನ್ನ ಅಕ್ಕನ ಮಗಳು, ಕಳೆದ ಸಲ ನಾನು ಸುಳ್ಳು ಹೇಳಿದ್ದೆ ಎಂದ. ಅವನ ಬೆವರು ಕಾರ್ಡಿನ ಅಂಚಿಗೆ ಇಳಿದು ಒಂದು ಚುಕ್ಕೆ ಕದಡಿತ್ತು.

ಡಾಕ್ಟರು ತಲೆ ಎತ್ತಲೂ ಇಲ್ಲ. ಹಾಳೆಯ ಒಂದು ಚೌಕದಲ್ಲಿ ಗೀಟು ಹಾಕಿದರು. ಇದು ಬಹಳ ಸಹಾಯವಾಯಿತು, ಇನ್ನು ಹಕ್ಕಿಯ ಸೋಂಕು ಹುಡುಕುವುದು ಬೇಡ, ನಾಲ್ವರ ರಕ್ತವನ್ನೂ ಬೇರೆ ಪರೀಕ್ಷೆಗೆ ಕಳಿಸೋಣ ಎಂದರು. ಅಷ್ಟೇ. ಒಂದು ವರ್ಷ ನಮ್ಮ ಮನೆಯನ್ನು ಹಿಂಡಿದ ಮರ್ಯಾದೆಗೆ ಆ ಹಾಳೆಯಲ್ಲಿ ಇದ್ದ ಜಾಗ ಒಂದು ಚೌಕ. ಔಷಧಿ ಇಲ್ಲವೆಂದೂ ಹೇಳಿದರು; ನಾವು ಮೊದಲೇ ನಿಜ ಹೇಳಿದ್ದರೂ ಇರುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಬಂದ ಇನ್ನೊಂದು ಪರೀಕ್ಷೆಯಲ್ಲಿ ನನ್ನದೂ ತಿಳಿಯಿತು: ಆ ದೋಷ ನನಗೆ ಒಂದು ಕಡೆಯಿಂದ ಬಂದಿದೆ, ಇನ್ನೊಂದು ಕಡೆಯಿಂದ ಬಂದಿಲ್ಲ. ಮುಚ್ಚಿಟ್ಟುಕೊಂಡ ಹಕ್ಕಿ ನಾನು. ಸುಮಿ ಆ ದಿನ ಡಾಕ್ಟರನ್ನು ಕೇಳಿದ್ದು ಒಂದೇ ಮಾತು: ನಾನು ಇನ್ನು ಕೊಟ್ಟಿಗೆಗೆ ಹೋಗಬಹುದೇ?

ಮನೆಗೆ ಬಂದು, ಶೂ ಬಿಚ್ಚುವ ಮೊದಲೇ ಅಪ್ಪ ಹೊಸ್ತಿಲಿನ ಟೇಪು ಕಿತ್ತ. ಅವಳ ಕೈ ಹಿಡಿದು ಕರೆದುಕೊಂಡು ಹೋದ. ಕೊಟ್ಟಿಗೆಯ ಬಾಗಿಲಲ್ಲಿ ಅವಳ ಕಣ್ಣು ಮಬ್ಬಿಗೆ ಹೊಂದಲಿ ಎಂದು ಬಹಳ ಹೊತ್ತು ನಿಂತ. ಹೋದ ವರ್ಷ ಅಷ್ಟು ಹೊತ್ತು ಯಾರೂ ಅವಳನ್ನು ಕಾದಿರಲಿಲ್ಲ. ಆದರೆ ಅದು ಆಗಸ್ಟ್. ಗಂಡು ನವಿಲುಗಳೆಲ್ಲ ಗರಿ ಉದುರಿಸಿ ಕೋಳಿಗಳ ಹಾಗೆ ಬೋಳಾಗಿ ಓಡಾಡುತ್ತಿದ್ದವು.

"ಗರಿ ಎಲ್ಲಿ ಅಪ್ಪಾ?"

"ಬಿದ್ದಾವು. ಮುಂದಿನ ವರ್ಷ ಬರ್ತಾವು."

ಬಂದವು. ಮುಂದಿನ ಮೇ ತಿಂಗಳಲ್ಲಿ ದೊಡ್ಡ ನೀಲಿ ಗಂಡು ಮೊದಲ ಸಲ ಗರಿ ಬಿಚ್ಚಿದ ದಿನ ವಾಲ್ಟ್ ಕೂಡ ಇದ್ದ. ಸುಮಿ ಬೇಲಿಯ ಹತ್ತಿರ, ನವಿಲಿನಿಂದ ಎರಡು ಮಾರು ದೂರದಲ್ಲಿ ನಿಂತಿದ್ದಳು. ಆಗ ಅವಳಿಗೆ ಕಾಣುತ್ತಿದ್ದದ್ದು ಚಾಚಿದ ಕೈಯಲ್ಲಿ ಹಿಡಿದ ಒಂದು ಬಳೆಯ ಒಳಗೆ ಹಿಡಿಸುವಷ್ಟು. ಪುಸ್ತಕ ಓದುವವರ ಹಾಗೆ ಎಡದ ತುದಿಯಿಂದ ಶುರುಮಾಡಿ, ತಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನೋಡಿಕೊಂಡು ಬಂದಳು. ಅಪ್ಪ ಅವಳ ಹಿಂದೆ ನಿಂತಿದ್ದ. ಅವಳು ನಡುವಿಗೆ ಬರುವಷ್ಟರಲ್ಲಿ ನವಿಲು ಮೈ ಕೊಡವಿ ಗರಿ ಮಡಚಿತು.

"ಮುಗೀತೇನು?"

"ಇಲ್ಲ. ನಿಂದರು, ಮತ್ತ ಬಿಚ್ತೈತಿ."

ಹಿತ್ತಿಲ ಬಾಗಿಲಿಂದ ಅವ್ವ, ವಾಲ್ಟ್ ಇದ್ದಾನೆಂದೂ ನೋಡದೆ, "ಮಾಮಾ, ಊಟಕ್ಕ ಬರ್ರಿ" ಎಂದು ಕೂಗಿದಳು. ಎರಡನೆಯ ಸಲವೂ ಕೂಗಿದಳು. ಅಪ್ಪ ಅಲ್ಲಾಡಲಿಲ್ಲ. ವಾಲ್ಟ್ ಮನೆಗೆ ಹೋದ, ಬಿಸಿಲು ಕೊಟ್ಟಿಗೆಯ ಮಾಡಿನಿಂದ ಇಳಿಯಿತು, ನೆರಳು ಬೇಲಿಯವರೆಗೆ ಬಂತು. ಇನ್ನು ಈ ಬೆಳಕಿನಲ್ಲಿ ಅದು ಬಿಚ್ಚಿದರೂ ಅವಳಿಗೆ ಕಾಣದು ಎಂದು ಅಪ್ಪನಿಗೂ ನನಗೂ ಗೊತ್ತಿತ್ತು. ಅವಳೇ ಹೋಗೋಣ ಎನ್ನುವ ತನಕ ಅಪ್ಪ ಅವಳ ಕೈ ಹಿಡಿದು ನಿಂತೇ ಇದ್ದ.